ಮಗಳ ಗ್ರಾಜುಯೇಷನ್ ಸುದ್ದಿ ಊರಿಗೆ ಹೇಗೆ ಬರೆಯೋದು? ಉಡುಗೊರೆ ಕೇಳಿದ ಹಾಗೂ ಇರಬಾರದು, ಜಂಬ ಅಂತಲೂ ಅನ್ನಿಸಬಾರದು

ದೂರದೂರು | ಮೇ 3, 2025

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಒಹಾಯೋದಲ್ಲಿ. ಇದೇ ಮೇ 24, ಶನಿವಾರ ಬೆಳಿಗ್ಗೆ ಮಗಳ ಹೈಸ್ಕೂಲ್ ಗ್ರಾಜುಯೇಷನ್. ಒಂದು ಮನೆಗೆ ಆರೇ ಟಿಕೆಟ್. ಹಾಗಾಗಿ ಬರಲಾಗದವರಿಗೆ, ದೂರ ಇರುವವರಿಗೆ ಒಂದು ಕಾರ್ಡು ಕಳಿಸುವ ಪದ್ಧತಿ ಇಲ್ಲಿದೆ. ಅನೌನ್ಸ್‌ಮೆಂಟ್ ಅನ್ನುತ್ತಾರೆ. ಆಹ್ವಾನ ಅಲ್ಲ, ಸುಮ್ನೆ ಸುದ್ದಿ ಮುಟ್ಟಿಸುವುದು ಅಷ್ಟೇ.

ಶಾಲೆಯ ಮೂಲಕ 25 ಕಾರ್ಡಿನ ಕಟ್ಟು ಬಂದಿದೆ. ಅದರಲ್ಲಿ ಒಂಬತ್ತನ್ನು ಊರಿನವರಿಗೆ ಅಂತ ಎತ್ತಿಟ್ಟಿದ್ದೇನೆ. ತೀರ್ಥಹಳ್ಳಿಯಲ್ಲಿ ಅತ್ತೆ (81 ವರ್ಷ), ಹಾಸನದಲ್ಲಿ ದೊಡ್ಡಪ್ಪ, ಅರಸೀಕೆರೆ ಹತ್ತಿರ ಚಿಕ್ಕಮ್ಮ, ಹುಬ್ಬಳ್ಳಿಯಲ್ಲಿ ನಾದಿನಿ, ಹೀಗೆ. ಕಾರ್ಡು ಇಂಗ್ಲಿಷಿನಲ್ಲಿದೆ. ಜೊತೆಗೆ ಕನ್ನಡದ ಒಂದು ಚೀಟಿ ಇಡೋಣ ಅಂತ ಕೂತೆ. ಒಂದು ಗಂಟೆ ಒದ್ದಾಡಿದ ಮೇಲೆ ಬಂದದ್ದು ಇದು:

"ನಮ್ಮ ಪುತ್ರಿಯು ಪ್ರೌಢಶಾಲೆಯಿಂದ ಪದವೀಧರಳಾಗುತ್ತಿರುವುದನ್ನು ಘೋಷಿಸಲು ನಾವು ಹೆಮ್ಮೆಪಡುತ್ತೇವೆ. 2025ರ ವರ್ಗ."

ನಮ್ಮವರು ಓದಿ, "ಇದಕ್ಕೆ ತಹಶೀಲ್ದಾರರ ಸೀಲು ಒಂದು ಬಾಕಿ" ಅಂದರು.

ಇನ್ನೊಂದು ಭಯ. ಹೋದ ವರ್ಷ ಇಲ್ಲಿನ ನೆಂಟರೊಬ್ಬರು ಇಂಥದೇ ಕಾರ್ಡನ್ನು ಚಿಕ್ಕಮ್ಮನಿಗೆ ಕಳಿಸಿದ್ದರು. ಚಿಕ್ಕಮ್ಮ ನನಗೆ ಫೋನ್ ಮಾಡಿ, "ಹೋಗೋಕಾಗಲ್ಲ ಅಂತ ಯಾರಿಗೆ ಬರೆಯಬೇಕಮ್ಮಾ? ಎಷ್ಟು ದುಡ್ಡು ಹಾಕಬೇಕು?" ಅಂತ ಕೇಳಿದರು. ಪಾಪ, ಒಂದು ವಾರ ಅದನ್ನೇ ಯೋಚಿಸಿದ್ದರಂತೆ. ನನ್ನ ಕಾರ್ಡು ಯಾರನ್ನೂ ಹಾಗೆ ಕಾಡಬಾರದು. ಹೇಗೆ ಬರೆಯಲಿ?

ಅಚ್ಚುಮೊಳೆ | ಮೇ 3

ಶಿವಮೊಗ್ಗದ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸುವುದರಿಂದ ಶುರುಮಾಡಿ ಕಂಪ್ಯೂಟರ್ ಕಾಲದವರೆಗೂ ಲಗ್ನಪತ್ರಿಕೆ ಮಾಡಿದವನು ನಾನು. ನಿಮ್ಮ ಚೀಟಿಯಲ್ಲಿ ಎರಡು ಮಾತು ಮೊದಲು ತೆಗೆಯಿರಿ. "ಘೋಷಿಸಲು", ಆಮೇಲೆ "ಹೆಮ್ಮೆಪಡುತ್ತೇವೆ". ನಮ್ಮ ಪತ್ರಿಕೆಗಳಲ್ಲಿ ಹೆಮ್ಮೆ ಇರುವುದಿಲ್ಲ ಅಂತಲ್ಲ. ಅದು ಬೇರೆ ಕಡೆ ಕೂತಿರುತ್ತದೆ. "ಗುರುಹಿರಿಯರ ಆಶೀರ್ವಾದದಿಂದ" ಅನ್ನುವಲ್ಲಿ ಇರುತ್ತದೆ. ಕೆಲಸ ಆದದ್ದು ನಮ್ಮಿಂದಲ್ಲ, ನಿಮ್ಮಿಂದ ಅಂತ ಹೇಳಿದ ಮೇಲೆ ಎಷ್ಟು ಖುಷಿಪಟ್ಟರೂ ಯಾರೂ ಜಂಬ ಅನ್ನುವುದಿಲ್ಲ.

ಇನ್ನೊಂದು. "ನಮ್ಮ ಪುತ್ರಿ" ಯಾಕೆ? ಅತ್ತೆಗೆ ಬರೆಯುವಾಗ ಅವಳು "ನಿಮ್ಮ ಮೊಮ್ಮಗಳು". ದೊಡ್ಡಪ್ಪನಿಗೂ ಹಾಗೇ. ಒಂದೇ ಚೀಟಿ ಒಂಬತ್ತು ಜನಕ್ಕೆ ಹೊಂದುವುದಿಲ್ಲ.

ಪಿಯುಸಿ ಮೇಷ್ಟ್ರು | ಮೇ 3

"ಪದವೀಧರಳು" ಅಂತ ಬರೆದರೆ ಊರಲ್ಲಿ ದೊಡ್ಡ ಗೊಂದಲ ಆಗುತ್ತದೆ. ನಮ್ಮಲ್ಲಿ ಪದವಿ ಅಂದರೆ ಬಿಎ, ಬಿಎಸ್ಸಿ, ಬಿಇ. ಅಮೆರಿಕದ ಹೈಸ್ಕೂಲ್ ಮುಗಿಯುವುದು ಹನ್ನೆರಡನೇ ತರಗತಿಗೆ, ಅಂದರೆ ನಮ್ಮ ದ್ವಿತೀಯ ಪಿಯುಸಿ. "ಪ್ರೌಢಶಾಲೆ" ಅಂದರೂ ತಪ್ಪೇ. ನಮ್ಮ ಪ್ರೌಢಶಾಲೆ ಎಸ್ಸೆಸ್ಸೆಲ್ಸಿಗೆ ಮುಗಿಯುತ್ತದೆ. ಒಂದೇ ವಾಕ್ಯದಲ್ಲಿ ಮಗಳನ್ನು ಹತ್ತನೇ ಕ್ಲಾಸಿಗೂ ಇಳಿಸಿದ್ದೀರಿ, ಡಿಗ್ರಿಗೂ ಏರಿಸಿದ್ದೀರಿ.

"ಘಟಿಕೋತ್ಸವ" ಕೂಡ ಬೇಡ. ಅದು ವಿಶ್ವವಿದ್ಯಾಲಯಕ್ಕೆ ಸೇರಿದ ಮಾತು. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ, ಮೊದಲ ಘಟಿಕೋತ್ಸವ 1918ರಲ್ಲಿ. ಅವತ್ತಿನಿಂದ ಆ ಪದಕ್ಕೆ ಗೌನು, ಕುಲಪತಿ, ಚಿನ್ನದ ಪದಕ ಎಲ್ಲ ಅಂಟಿಕೊಂಡಿವೆ. ಪಿಯುಸಿ ಮುಗಿಸುವ ಮಕ್ಕಳಿಗೆ ನಾವು ಮಾಡುವುದು ಸೆಂಡ್ ಆಫ್. ಒಂದು ಗ್ರೂಪ್ ಫೋಟೋ, ಸಮೋಸ, ಪ್ರಿನ್ಸಿಪಾಲರ ಭಾಷಣ, ಮುಗಿಯಿತು. ನಿಮ್ಮ ಕಾರ್ಯಕ್ರಮಕ್ಕೆ ನಮ್ಮಲ್ಲಿ ಸರಿಯಾದ ಹೆಸರೇ ಇಲ್ಲ. "ಇಲ್ಲಿ ಹನ್ನೆರಡನೇ ತರಗತಿ ಮುಗಿಸಿದಳು, ನಮ್ಮ ಪಿಯುಸಿ ಇದ್ದ ಹಾಗೆ" ಅಂತ ಬರೆದುಬಿಡಿ.

"2025ರ ವರ್ಗ" ಓದಿದರೆ ನಿಮ್ಮ ಚಿಕ್ಕಮ್ಮ ಯಾವ ಊರಿಗೆ ವರ್ಗ ಆಯಿತು ಅಂತ ಕೇಳುತ್ತಾರೆ.

ಬೆಲ್ಲದಚ್ಚು | ಮೇ 3

ಕೋಪ ಮಾಡಿಕೊಳ್ಳಬೇಡಿ. ಪಿಯುಸಿ ಪಾಸಾದದ್ದಕ್ಕೆ ಕಾರ್ಡು ಯಾಕೆ? ಇಲ್ಲಿ ಯುಕೆಜಿ ಮಕ್ಕಳಿಗೂ ಟೋಪಿ ಗೌನು ಹಾಕಿಸಿ ಗ್ರಾಜುಯೇಷನ್ ಡೇ ಮಾಡುತ್ತಿದ್ದಾರೆ. ನಮ್ಮ ಬೀದಿಯ ಐದು ವರ್ಷದ ಹುಡುಗನೊಬ್ಬ ಆ ಟೋಪಿ ಹಾಕಿಕೊಂಡು ಬಾಯಲ್ಲಿ ಬೆರಳಿಟ್ಟು ನಿಂತ ಫೋಟೋ ಎಲ್ಲರ ಮೊಬೈಲಿಗೂ ಬಂತು. ಒಂದು ಫೋನ್ ಮಾಡಿದರೆ ಸಾಲದಾ?

ದೂರದೂರು | ಮೇ 3

ಕೋಪ ಇಲ್ಲ. ನಂಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಇಲ್ಲಿ ಮಕ್ಕಳು ಮನೆ ಬಿಡುವುದು ಈ ಹೊತ್ತಿಗೇ. ಆಗಸ್ಟ್‌ನಲ್ಲಿ ಇವಳು ಕಾಲೇಜಿಗೆ ಬೇರೆ ಊರಿಗೆ ಹೊರಡುತ್ತಾಳೆ. ಕಾರ್ಡು ಪಾಸಾದದ್ದಕ್ಕಿಂತ ಜಾಸ್ತಿ, ಹೊರಡುತ್ತಿದ್ದಾಳೆ ಅನ್ನುವುದಕ್ಕೆ.

ಅಚ್ಚುಮೊಳೆ | ಮೇ 3

ಹಾಗಿದ್ದರೆ ಚೀಟಿಯಲ್ಲಿ ಅದನ್ನೇ ಬರೆಯಿರಿ! ಅದು ಊರಿನವರಿಗೆ ಚೆನ್ನಾಗಿ ಅರ್ಥ ಆಗುವ ಸುದ್ದಿ.

ಸಿಡ್ನಿ ಸೋಮಾರಿ | ಮೇ 4

ಚೀಟಿಯ ಒಕ್ಕಣೆ ಆಮೇಲೆ ನೋಡಿಕೊಳ್ಳಿ. ಯಾರಿಗೆ ಮೊದಲು ಹೇಳುತ್ತೀರಿ ಅನ್ನುವುದನ್ನು ತೀರ್ಮಾನ ಮಾಡಿ. ನಾನು ಕೈ ಸುಟ್ಟುಕೊಂಡವನು. 2019ರಲ್ಲಿ ನನ್ನ ಮಾಸ್ಟರ್ಸ್ ಮುಗಿದಾಗ ಅದೇ ರಾತ್ರಿ ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ ಮಲಗಿದೆ. ಸೋದರಮಾವ ಆ ಗುಂಪಿನಲ್ಲಿ ಇಲ್ಲ. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಮರುದಿನ ಹಾಲಿನ ಡೈರಿ ಮುಂದೆ ಯಾರೋ ಅವರಿಗೆ, "ನಿಮ್ಮ ಅಳಿಯ ಪಾಸಾದನಂತಲ್ಲ" ಅಂದಿದ್ದಾರೆ. ನನ್ನ ಮೊದಲ ವರ್ಷದ ಫೀಸಿಗೆ ಅಡಿಕೆ ಮಾರಿದ ದುಡ್ಡು ಕೊಟ್ಟವರು ಅವರು. ಹೆಚ್ಚು ಏನೂ ಅನ್ನಲಿಲ್ಲ. "ಗೊತ್ತಾಯ್ತು ಬಿಡು" ಅಂದರು. ಆ "ಬಿಡು" ಕರಗುವುದಕ್ಕೆ ಎರಡು ವರ್ಷ ಹಿಡಿಯಿತು.

ಮೊದಲು ಫೋನು, ವಯಸ್ಸಿನ ಪ್ರಕಾರ. ಆಮೇಲೆ ಗುಂಪು. ಕಾರ್ಡು ಎಂದಾದರೂ ತಲುಪಲಿ.

ಹುಬ್ಬಳ್ಳಿಯಾಂವ | ಮೇ 4

ಸಿಡ್ನಿಯವರು ಹೇಳಿದ್ದು ಖರೇ ಮಾತು. ನಾದಿನಿ ಬಗ್ಗೆ ನನ್ನದೊಂದು ಮಾತು ಇರಲಿ. ಕೊಟ್ಟ ಹೆಣ್ಣುಮಗಳ ಮನೆಗೆ ಬರೆಯುವಾಗ ಅವರ ಅತ್ತೆ, ಮಾವನವರಿಗೆ ನಮಸ್ಕಾರ ಇಲ್ಲದ ಕಾಗದ ಹೋಗಬಾರದು ನೋಡ್ರಿ. ಆ ಕಾಗದವನ್ನು ಓದುವುದು ಅವರೊಬ್ಬರೇ ಅಲ್ಲ, ಪಡಸಾಲೆಯಲ್ಲಿ ಎಲ್ಲರೂ ಓದುತ್ತಾರೆ. "ಮನೆಯಲ್ಲಿ ಹಿರಿಯರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿ" ಅಂತ ಒಂದು ಸಾಲು ಸಾಕು. ಆ ಸಾಲಿನಿಂದ ಅವರ ಮರ್ಯಾದೆ ಉಳಿಯುತ್ತದೆ.

"ತಾವು", "ತಮ್ಮ" ಅಂತ ಜಾಸ್ತಿ ಹಾಕಬೇಡಿ. ಮನೆಯವರಿಗೆ ಅದು ದೂರ ಅನ್ನಿಸುತ್ತದೆ. "ನೀವು" ಅಂದರೇ ಆಯಿತು.

ಕಾಫಿಪುಡಿ | ಮೇ 4

ನಾನು ಇಂಥ ಸುದ್ದಿ ಪಡೆದವಳ ಕಡೆಯಿಂದ ಬರೆಯುತ್ತಿದ್ದೇನೆ. ಏಪ್ರಿಲ್, ಮೇ ಅಂದರೆ ನಮ್ಮಲ್ಲಿ ಫಲಿತಾಂಶದ ಕಾಲ. ಒಂದು ಮನೆಯಲ್ಲಿ ಪೇಡೆ, ಪಕ್ಕದ ಮನೆಯಲ್ಲಿ ಬಾಗಿಲು ಹಾಕಿರುತ್ತದೆ. ಹೋದ ವರ್ಷ ನನ್ನ ಮಗನಿಗೆ ಪಿಯುಸಿಯಲ್ಲಿ ಎರಡು ವಿಷಯ ಹೋಯಿತು. ಆಗ ಪರೀಕ್ಷೆ-1, 2, 3 ಅಂತ ಮೂರು ಅವಕಾಶ ಇತ್ತಲ್ಲ, ಎರಡನೆಯದಕ್ಕೆ ಓದುತ್ತಾ ಕೂತಿದ್ದ. ಅಷ್ಟರಲ್ಲಿ ಅವನ ವಯಸ್ಸಿನವಳೇ ಆದ ನೆಂಟರ ಹುಡುಗಿ ಟೋಪಿ ಹಾಕಿಕೊಂಡ ಫೋಟೋ ಬಂತು. ಕೆಳಗೆ ಅಂಕ, ಸಿಕ್ಕ ಕಾಲೇಜಿನ ಹೆಸರು, ಸ್ಕಾಲರ್‌ಶಿಪ್ ಎಷ್ಟು ಡಾಲರ್, ಎಲ್ಲ ಇತ್ತು. "ಅಭಿನಂದನೆ" ಅಂತ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಹೊಟ್ಟೆಕಿಚ್ಚು ಅಲ್ಲ ಅದು. ಆ ಹೊತ್ತಿಗೆ ಕೈ ಬರಲಿಲ್ಲ.

ಹಾಗಂತ ಕಳಿಸಬೇಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಮನೆಗೆ ಹೇಳದೆ ಬಿಟ್ಟಿದ್ದರೆ ಅದು ಇನ್ನೂ ನೋವು. ಆದರೆ ಅಂಕ, ಕಾಲೇಜು, ಡಾಲರ್ ಚೀಟಿಯಲ್ಲಿ ಬೇಡ. ಕೇಳಿದವರಿಗೆ ಹೇಳಿ. ಅಂಥ ಮನೆ ನಿಮ್ಮ ಪಟ್ಟಿಯಲ್ಲಿದ್ದರೆ ಅವರ ಮಗುವಿನ ಬಗ್ಗೆ ಒಂದು ಸಾಲು ಇರಲಿ, "ಪರೀಕ್ಷೆ ಹೇಗಾಯಿತು" ಅಂತ ಅಲ್ಲ. "ಅವನು ಈಗಲೂ ಕ್ರಿಕೆಟ್ ಆಡುತ್ತಾನಾ" ಅಂತ.

ಪಿಯುಸಿ ಮೇಷ್ಟ್ರು | ಮೇ 4

ಕಾಫಿಪುಡಿಯವರ ಮಾತಿಗೆ ನನ್ನದೂ ಒಂದು. ಯಾರಾದರೂ "ಎಷ್ಟು ಪರ್ಸೆಂಟ್" ಅಂತ ಕೇಳೇ ಕೇಳುತ್ತಾರೆ. ಅಲ್ಲಿನ ಲೆಕ್ಕ 4ಕ್ಕೆ ಇಷ್ಟು ಅಂತ. ಅದನ್ನು 600ಕ್ಕೆ ಇಷ್ಟು ಅಂತ ಗುಣಿಸಿ ಹೇಳುವುದಕ್ಕೆ ಹೋಗಬೇಡಿ. ಆ ಲೆಕ್ಕ ಕೂಡುವುದಿಲ್ಲ. "ಚೆನ್ನಾಗಿ ಬಂದಿದೆ" ಅಂದರೆ ಸಾಕು.

ದೂರದೂರು | ಮೇ 4

ಕಾಫಿಪುಡಿ, ಥ್ಯಾಂಕ್ಸ್. ನನ್ನ ಪಟ್ಟಿಯಲ್ಲಿ ಅಂಥದೊಂದು ಮನೆ ಇದೆ. ನನಗೆ ಹೊಳೆದೇ ಇರಲಿಲ್ಲ.

ಈಗ ಉಡುಗೊರೆ ವಿಷಯ. ಇಲ್ಲಿನ ಶಿಷ್ಟಾಚಾರದ ಪ್ರಕಾರ ಅನೌನ್ಸ್‌ಮೆಂಟ್ ಬಂದವರು ಏನೂ ಕೊಡಬೇಕಾಗಿಲ್ಲ. ಒಂದು ಅಭಿನಂದನೆ ಬರೆದರೆ ಸಾಕು. ಮಜಾ ಅಂದರೆ ಕಾರ್ಡಿನಲ್ಲಿ "ಉಡುಗೊರೆ ಬೇಡ" ಅಂತ ಅಚ್ಚು ಹಾಕಿಸುವುದನ್ನೂ ಇಲ್ಲಿನ ಹಳೇ ಸಂಪ್ರದಾಯದವರು ಒಪ್ಪುವುದಿಲ್ಲ. ಬೇಡ ಅಂದರೂ ಉಡುಗೊರೆಯ ಮಾತು ಎತ್ತಿದ ಹಾಗೇ ಆಯಿತಲ್ಲ ಅಂತ. ಊರಿನ ಚೀಟಿಯಲ್ಲಿ ಬರೆಯಬಹುದಾ?

ಅಚ್ಚುಮೊಳೆ | ಮೇ 4

ಧಾರಾಳವಾಗಿ. "ಆಶೀರ್ವಾದವೇ ಉಡುಗೊರೆ" ಅನ್ನುವ ಸಾಲನ್ನು ನಾನು ಎಷ್ಟು ಲಗ್ನಪತ್ರಿಕೆಗೆ ಜೋಡಿಸಿದ್ದೇನೋ ಲೆಕ್ಕ ಇಲ್ಲ. ನಮ್ಮಲ್ಲಿ ಅದು ಮರ್ಯಾದೆಯ ಮಾತು, ಯಾರಿಗೂ ಚುಚ್ಚುವುದಿಲ್ಲ. ನಿಜ ಹೇಳಬೇಕೆಂದರೆ ಅದನ್ನು ನಂಬಿ ಬರಿಗೈಯಲ್ಲಿ ಬಂದವರೂ ಕಡಿಮೆ.

ಬೆಲ್ಲದಚ್ಚು | ಮೇ 4

ಅದು ಬಿಡಿ, ಇದರ ಹಿಂದೆ ಮುಯ್ಯಿ ಲೆಕ್ಕ ಇದೆ. ನಮ್ಮ ಅಜ್ಜಿ ಮನೆಯಲ್ಲಿ ಮುಯ್ಯಿ ಬರೆದ ಉದ್ದ ಪುಸ್ತಕ ಇತ್ತು. ಯಾರು ಯಾವ ಮದುವೆಗೆ ಎಷ್ಟು ಹಾಕಿದರು ಅಂತ. ಅವರ ಮನೆ ಕಾರ್ಯ ಬಂದಾಗ ಪುಸ್ತಕ ತೆಗೆದು ನೋಡುವುದು, ಅದಕ್ಕಿಂತ ಸ್ವಲ್ಪ ಮೇಲೆ ಹಾಕುವುದು. ಅಮೆರಿಕದಿಂದ ಕಾರ್ಡು ಬಂತು ಅಂದರೆ ಊರಿನವರ ತಲೆಯಲ್ಲಿ ತೆರೆಯುವುದು ಆ ಪುಸ್ತಕ. "ಅವಳು ನಮ್ಮ ಗೃಹಪ್ರವೇಶಕ್ಕೆ ದುಡ್ಡು ಕಳಿಸಿದ್ದಳು, ಈಗ ನಾವು ಏನು ಮಾಡೋಣ?" ಚಿಕ್ಕಮ್ಮ ಕೇಳಿದ್ದು ಇದನ್ನೇ. ನೀವು ಕಾರ್ಡಿನಲ್ಲಿ ಏನೇ ಬರೆದರೂ ಆ ಪುಸ್ತಕ ಮುಚ್ಚುವುದಿಲ್ಲ.

ಹುಬ್ಬಳ್ಳಿಯಾಂವ | ಮೇ 5

ನಮ್ಮ ಕಡೆ ಆಹೇರಿ ಅನ್ನುತ್ತೇವೆ, ಲೆಕ್ಕ ಅದೇ. ಆದರೆ ಬೆಲ್ಲದಚ್ಚು ಅವರೇ, ಒಂದು ದಾರಿ ಇದೆ. ದುಡ್ಡಿನ ಬದಲು ಬೇರೆ ಏನಾದರೂ ಕೇಳಬೇಕು. ಸುಮ್ಮನೆ "ಏನೂ ಬೇಡ" ಅಂದರೆ ಕೊಡುವವರ ಕೈ ತಡೆಯುವುದಿಲ್ಲ. "ಅವಳಿಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಕಳಿಸಿ" ಅಂದರೆ ಅವರಿಗೆ ಮಾಡುವುದಕ್ಕೆ ಒಂದು ಕೆಲಸ ಸಿಗುತ್ತದೆ. ಹಿರಿಯರಿಗೆ ಅದು ಖುಷಿ.

ದೂರದೂರು | ಮೇ 5

ಇದು ಬಹಳ ಹಿಡಿಸಿತು. ಇವತ್ತು ಕೂತು ಅತ್ತೆಗೆ ಹೀಗೆ ಬರೆದೆ. ಬೈಯಿರಿ:

"ಪೂಜ್ಯ ಅತ್ತೆಯವರಿಗೆ ನಮ್ಮೆಲ್ಲರ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ ಹೇಳಿದ ಹಾಗೆ ನಿಮ್ಮ ಮೊಮ್ಮಗಳು ಪುಟ್ಟಿ ಇದೇ ಮೇ 24ಕ್ಕೆ ಇಲ್ಲಿನ ಶಾಲೆ ಓದು ಮುಗಿಸುತ್ತಾಳೆ. ನಮ್ಮ ಪಿಯುಸಿ ಇದ್ದ ಹಾಗೆ. ಎಲ್ಲ ನಿಮ್ಮ ಆಶೀರ್ವಾದ. ಆಗಸ್ಟ್‌ನಲ್ಲಿ ಕಾಲೇಜಿಗೆ ಅಂತ ಮನೆ ಬಿಟ್ಟು ಹೊರಡುತ್ತಾಳೆ. ಈ ಕಾರ್ಡು ಕರೆಯೋಲೆ ಅಲ್ಲ, ನಿಮ್ಮ ಹತ್ತಿರ ಒಂದು ಗುರುತು ಇರಲಿ ಅಂತ. ನೀವು ಬರಬೇಕಾಗಿಲ್ಲ, ಏನೂ ಕಳಿಸಬೇಕಾಗಿಲ್ಲ. ನಿಮ್ಮ ಕೈಯಲ್ಲಿ ಅವಳಿಗೆ ಎರಡು ಸಾಲು ಬರೆದು ಹರಸಿ."

ಸಿಡ್ನಿ ಸೋಮಾರಿ | ಮೇ 5

"ನೀವು ಬರಬೇಕಾಗಿಲ್ಲ" ತೆಗೆಯಿರಿ! ಕನ್ನಡದಲ್ಲಿ ಅದು ಬಾಗಿಲು ಹಾಕಿದ ಹಾಗೆ ಕೇಳುತ್ತದೆ.

ಅಚ್ಚುಮೊಳೆ | ಮೇ 5

ಹೌದು. "ನೀವು ಇಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಪುಟ್ಟಿ ಹೇಳುತ್ತಿರುತ್ತಾಳೆ" ಅಂತ ಮಾಡಿ. ಅರ್ಥ ಅದೇ. ಬರಲಾಗುವುದಿಲ್ಲ ಅಂತ ಅವರಿಗೂ ಗೊತ್ತು, ನಿಮಗೂ ಗೊತ್ತು. "ಏನೂ ಕಳಿಸಬೇಕಾಗಿಲ್ಲ" ಅನ್ನುವುದಕ್ಕೆ ಬದಲು "ನಿಮ್ಮ ಆಶೀರ್ವಾದವೇ ಅವಳಿಗೆ ಉಡುಗೊರೆ". ಉಳಿದದ್ದು ಬಹಳ ಚೆನ್ನಾಗಿದೆ. "ಕರೆಯೋಲೆ ಅಲ್ಲ" ಅಂದದ್ದು ಒಳ್ಳೆಯದಾಯಿತು.

ಅಂದಹಾಗೆ ಕಾರ್ಡಿನ ಬಣ್ಣ ಯಾವುದು?

ದೂರದೂರು | ಮೇ 5

ಕಪ್ಪು. ಮೇಲೆ ಬಂಗಾರದ ಅಕ್ಷರ. ಶಾಲೆಯ ಬಣ್ಣ ಅದು. ಲಕೋಟೆಯ ಒಳಬದಿಯೂ ಕಪ್ಪು. ಯಾಕೆ?

ಅಚ್ಚುಮೊಳೆ | ಮೇ 5

ಅಯ್ಯೋ. 81 ವರ್ಷದವರಿಗೆ ಕಪ್ಪು ಕಾಗದ ಕಳಿಸುತ್ತೀರಾ? ಅವರ ಕಾಲದಲ್ಲಿ ಕಪ್ಪು ಕಂಡರೆ ಅದು ಸಾವಿನ ಕಾಗದ. ಓದಿದ ತಕ್ಷಣ ಹರಿದು ಹಾಕುತ್ತಿದ್ದರು, ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ವೈಕುಂಠ ಸಮಾರಾಧನೆ, ಶಿವಗಣಾರಾಧನೆ ಪತ್ರಿಕೆಗಳನ್ನು ನಾವು ಬೇರೆ ಮೇಜಿನ ಮೇಲೇ ಜೋಡಿಸುತ್ತಿದ್ದೆವು. ಅಂಚೆಯವನು ಕಪ್ಪು ಲಕೋಟೆ ಕೈಗೆ ಕೊಟ್ಟರೆ ಒಡೆಯುವುದರೊಳಗೆ ಅವರ ಎದೆ ಒಡೆದಿರುತ್ತದೆ.

ಹೀಗೆ ಮಾಡಿ. ನಿಮ್ಮ ಕಾಗದ ಬಿಳಿಯದರ ಮೇಲೆ ಬರೆಯಿರಿ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ. ಕಾರ್ಡನ್ನು ಅದರ ಒಳಗೆ ಮಡಚಿಡಿ, ಕೈಗೆ ಮೊದಲು ಅರಿಶಿನ ಸಿಗಬೇಕು. ಹೊರಗಿನ ಲಕೋಟೆ ಬೇರೆ ತೆಗೆದುಕೊಳ್ಳಿ, ಬಿಳಿಯದೋ ತಿಳಿ ಹಳದಿಯದೋ.

ದೂರದೂರು | ಮೇ 6

ಹದಿನೆಂಟು ವರ್ಷ ಇಲ್ಲಿದ್ದು ಕಪ್ಪಿನ ವಿಷಯ ಪೂರ್ತಿ ಮರೆತಿದ್ದೆ. ಅರಿಶಿನವನ್ನು ಮಗಳ ಕೈಯಲ್ಲೇ ಹಚ್ಚಿಸಿದೆ. ಮೊದಲು ಕಪ್ಪು ಕಾರ್ಡಿಗೇ ಹಚ್ಚಿ ನೋಡಿದಳು, ಇಟ್ಟಿಗೆ ಪುಡಿ ಮೆತ್ತಿದ ಹಾಗೆ ಕಂಡಿತು. ಬಿಳಿ ಕಾಗದದ ಮೇಲೆ ಸರಿಯಾಯಿತು. "ಇದು ನಮ್ಮ ಇಮೋಜಿನಾ ಅಮ್ಮ?" ಅಂತ ಕೇಳಿದಳು. ಹೌದು ಅಂದೆ. ಇನ್ನೇನು ಹೇಳಲಿ?

ಲಕೋಟೆ ಬದಲಿಸಿದ್ದರಿಂದ ಇನ್ನೊಂದು ಲಾಭ ಆಯಿತು. ಕಾರ್ಡಿನ ಜೊತೆ ಬಂದದ್ದು ಚೌಕದ ಲಕೋಟೆ. ಚೌಕದ್ದಕ್ಕೆ ಇಲ್ಲಿನ ಅಂಚೆಯವರು ಮೇಲೆ ಬೇರೆ ದುಡ್ಡು ಹಿಡಿಯುತ್ತಾರೆ, ಯಂತ್ರದಲ್ಲಿ ಹೋಗುವುದಿಲ್ಲ ಅಂತ. ಉದ್ದದ ಮಾಮೂಲಿ ಲಕೋಟೆಗೆ ವಿದೇಶಕ್ಕೆ ಹಚ್ಚುವ ಗ್ಲೋಬಲ್ ಸ್ಟಾಂಪು ಒಂದು ಸಾಕು, ತೂಕ ಒಂದು ಔನ್ಸ್ (ಸುಮಾರು 28 ಗ್ರಾಂ) ಒಳಗಿದ್ದರೆ. ಅಡುಗೆ ಮನೆ ತಕ್ಕಡಿಯಲ್ಲಿ 22 ಗ್ರಾಂ ಬಂತು, ಬಚಾವ್.

ಕಾಫಿಪುಡಿ | ಮೇ 6

ಪಿನ್‌ಕೋಡ್ ಆರೂ ಅಂಕಿ ಸರಿಯಾಗಿ ಬರೆಯಿರಿ. ಊರ ಹೆಸರಿನ ಕೆಳಗೆ ತಾಲ್ಲೂಕು, ಜಿಲ್ಲೆ ಇರಲಿ. ಅಂಚೆಯವರು ಕರೆ ಮಾಡಬಹುದಾದ ಫೋನ್ ನಂಬರ್ ಕೂಡ.

ಸಿಡ್ನಿ ಸೋಮಾರಿ | ಮೇ 6

ಕಾರ್ಯಕ್ರಮ ನೇರ ಪ್ರಸಾರ ಇದ್ದರೆ ಅದರ ಲಿಂಕ್ ಜೊತೆ ಅಲ್ಲಿನ ಸಮಯ ಬರೆಯಬೇಡಿ, ಊರಿನ ಸಮಯ ಬರೆಯಿರಿ. ಮೇ ತಿಂಗಳಲ್ಲಿ ನಿಮಗೂ ಊರಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ ಅಲ್ವಾ? ಬೆಳಿಗ್ಗೆ ಹತ್ತಕ್ಕಾದರೆ ಅಲ್ಲಿ ರಾತ್ರಿ ಏಳೂವರೆ. ಅತ್ತೆಯವರ ಊಟಕ್ಕೆ ಮುಂಚೆ.

ದೂರದೂರು | ಮೇ 26

ಮುಗಿಯಿತು! ಫೋನ್ ಎಲ್ಲರಿಗೂ ಮೊದಲೇ ಆಗಿತ್ತು, ವಯಸ್ಸಿನ ಪ್ರಕಾರ. ದೊಡ್ಡಪ್ಪ "ನಾನು ಎಷ್ಟನೆಯವನು?" ಅಂತ ಕೇಳಿಯೇ ಬಿಟ್ಟರು. ಎರಡನೆಯವರು, ಅತ್ತೆ ಆದ ಮೇಲೆ ನೀವೇ ಅಂದೆ. ಸುಮ್ಮನಾದರು.

ಅತ್ತೆ ಏಳೂವರೆಗೆ ಟಿವಿ ಮುಂದೆ ಕೂತಿದ್ದರಂತೆ, ಪಕ್ಕದ ಮನೆ ಹುಡುಗ ಹಾಕಿಕೊಟ್ಟಿದ್ದ. ಸುಮಾರು ನಾನೂರು ಮಕ್ಕಳು, ಎಲ್ಲರದೂ ಒಂದೇ ಗೌನು. ಇವಳ ಹೆಸರು ಕರೆದದ್ದು ಒಂದು ಗಂಟೆ ಆದ ಮೇಲೆ, ಅದೂ ತಪ್ಪಾಗಿ. ಅತ್ತೆಗೆ ಗೊತ್ತಾಗಲೇ ಇಲ್ಲ. "ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ಹಾಕಿಕೊಂಡರಲ್ಲ ಎಲ್ಲರೂ, ಅದು ಯಾಕೆ?" ಅಂತ ಮಾತ್ರ ಮೂರು ಸಲ ಕೇಳಿದರು. ಓದು ಮುಗಿಯಿತು ಅನ್ನುವುದಕ್ಕೆ ಅಂದೆ. "ಓ, ಜನಿವಾರ ಎಡಬಲ ಮಾಡಿದ ಹಾಗೆ" ಅಂದರು.

ನಾದಿನಿ ಮಾತು ಕೇಳಲಿಲ್ಲ. 1001 ರೂಪಾಯಿ ಮಗಳ ಹೆಸರಲ್ಲಿ ನಮ್ಮ ಊರಿನ ಖಾತೆಗೆ ಹಾಕಿದ್ದಾಳೆ.

ಬೆಲ್ಲದಚ್ಚು | ಮೇ 26

ನಾನು ಹೇಳಲಿಲ್ವಾ.

ಹುಬ್ಬಳ್ಳಿಯಾಂವ | ಮೇ 26

ವಾಪಸ್ ಮಾತ್ರ ಕಳಿಸಬೇಡಿ. ಪುಟ್ಟಿ ಕೈಯಲ್ಲಿ ಫೋನ್ ಮಾಡಿಸಿ, "ಅತ್ತೆ, ಅದರಲ್ಲಿ ಇದನ್ನು ತಗೊಂಡೆ" ಅಂತ ಒಂದು ವಸ್ತುವಿನ ಹೆಸರು ಹೇಳಿಸಿ.

ದೂರದೂರು | ಜುಲೈ 2

ಈ ಚರ್ಚೆಗೆ ಒಂದು ಬಾಲ. ಇವತ್ತು ಅಂಚೆಯಲ್ಲಿ ಚಿಕ್ಕಮ್ಮನ ಕಾಗದ ಬಂತು. ಮೂರು ಪುಟ, ರೂಲು ಹಾಕಿದ ನೋಟ್‌ಬುಕ್ ಹಾಳೆ. "ಚಿ|| ಸೌ|| ಪುಟ್ಟಿಗೆ ಅಜ್ಜಿ ಮಾಡುವ ಆಶೀರ್ವಾದಗಳು" ಅಂತ ಶುರು. ತಾವು ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದು, ಬಿಡಿಸಿದ ದಿನ ಮೇಷ್ಟ್ರು ಮನೆ ತನಕ ಬಂದು ಅಪ್ಪನ ಹತ್ತಿರ ಮಾತಾಡಿದ್ದು, ಆಮೇಲೂ ಆ ಸ್ಲೇಟನ್ನು ಮದುವೆ ತನಕ ಇಟ್ಟುಕೊಂಡದ್ದು. ಇದು ಯಾವುದೂ ನಮಗೆ ಗೊತ್ತಿರಲಿಲ್ಲ. ಮಗಳಿಗೆ ಅವರ ಕೂಡಕ್ಷರ ಓದಲಾಗಲಿಲ್ಲ. ನಮ್ಮವರು ಓದಿದರು, ಎರಡನೇ ಪುಟದಲ್ಲಿ ನಿಲ್ಲಿಸಿ ನನಗೆ ಕೊಟ್ಟರು.

ಕೊನೆಯಲ್ಲಿ, "ಕಾಲೇಜಿನಲ್ಲಿ ಮೊಸರು ಸಿಗುತ್ತದೋ ಇಲ್ಲವೋ ವಿಚಾರಿಸಿ ಬರೆ."

ಅಚ್ಚುಮೊಳೆ | ಜುಲೈ 2

ಕಾಗದಕ್ಕೆ ಅರಿಶಿನ ಹಚ್ಚಿದ್ದರಾ?

ದೂರದೂರು | ಜುಲೈ 2

ನಾಲ್ಕು ಮೂಲೆಗೂ. ಪುಟ್ಟಿ ಅದನ್ನು ಮೂಸಿ ನೋಡುತ್ತಾ ಕೂತಿದ್ದಾಳೆ.